‘ಅಮ್ಮ’ ಅನ್ನುವ ಪದವನ್ನು ಡಿಎನ್‌ಎ ಎಳೆಯಲ್ಲಿ ಬರೆದು, ಮತ್ತೆ ಓದುವುದು ಹೇಗೆ?

ನನ್ನ ಹತ್ತಿರ ಅಜ್ಜಿ ಬರೆದ ಒಂದು ಪತ್ರ ಇದೆ. ಇನ್‌ಲ್ಯಾಂಡ್ ಲೆಟರು. ಮಡಿಕೆ ಹರಿದಿದೆ, ಆದರೂ ಓದಬಹುದು. ಅದನ್ನು ಸ್ಕ್ಯಾನ್ ಮಾಡಿ ಸಿಡಿಗೆ ಹಾಕಿದ್ದೆ. ಆ ಸಿಡಿ ಈಗ ಓದುತ್ತಿಲ್ಲ. ಹೊಸದು ಹೋಯಿತು, ಹಳೆಯದು ಉಳಿಯಿತು!

ಅಜ್ಜಿಯ ಪತ್ರದಂಥ ಸಣ್ಣ ಕನ್ನಡ ಬರಹವನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ಡಿಎನ್‌ಎಯಲ್ಲಿ ಹೇಗೆ ಇಡುವುದು ಅಂತ ಇಲ್ಲಿ ಹಂತ ಹಂತವಾಗಿ ನೋಡೋಣ. ಅರ್ಧಕ್ಕಿಂತ ಜಾಸ್ತಿ ಕೆಲಸ ಪೆನ್ನು, ಕಾಗದ, ಲ್ಯಾಪ್‌ಟಾಪ್ ಇದ್ದರೆ ಮನೆಯಲ್ಲೇ ಆಗುತ್ತದೆ. ಉಳಿದದ್ದಕ್ಕೆ ಲ್ಯಾಬ್ ಬೇಕು, ದುಡ್ಡೂ ಬೇಕು.

ಎಲ್ಲರೂ ಮೊದಲು ಕೇಳುವ ಪ್ರಶ್ನೆ: ಇದಕ್ಕೆ ಜೀವ ಇದೆಯಾ? ಇಲ್ಲ. ಯಾವ ಜೀವಕೋಶವೂ ಇದರಲ್ಲಿ ಇಲ್ಲ. ನಾಲ್ಕು ಬಗೆಯ ಮಣಿಗಳನ್ನು ಒಂದರ ಪಕ್ಕ ಒಂದು ಪೋಣಿಸಿದ ರಾಸಾಯನಿಕ ಸರ, ಅಷ್ಟೇ. ಆ ಮಣಿಗಳಿಗೆ ಬೇಸ್ ಅಂತಾರೆ. ಹೆಸರು ಎ, ಸಿ, ಜಿ, ಟಿ. ಎ ಎದುರು ಟಿ ಕೂರುತ್ತದೆ, ಸಿ ಎದುರು ಜಿ.

ಬೇರೆ ಅಣುಗಳಲ್ಲೂ ಮಾಹಿತಿ ಬರೆಯಬಹುದು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಜಾನ್ ಫ್ರಾಂಸ್ವಾ ಲುಟ್ಜ್ ತಂಡ ಪ್ಲಾಸ್ಟಿಕ್ಕಿನಂಥ ಪಾಲಿಮರ್ ಸರಗಳಲ್ಲಿ ಬರೆದು, ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಓದಿದೆ. ಆದರೆ ನಕಲು ಮಾಡುವ ಕಿಣ್ವ ಮತ್ತು ಓದುವ ಯಂತ್ರ ಎರಡೂ ಸುಲಭವಾಗಿ ಸಿಗುವುದು ಡಿಎನ್‌ಎಗೆ ಮಾತ್ರ. ಹಾಗಾಗಿ ನಾವೂ ಅದನ್ನೇ ಹಿಡಿಯೋಣ.

ಹಂತ 1: ಅಕ್ಷರವನ್ನು ಸಂಖ್ಯೆ ಮಾಡಿ. ಆದರೆ ಯುಟಿಎಫ್-8 ಬಿಡಿ

ಯುನಿಕೋಡ್ ಅಂದರೆ ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಪಟ್ಟಿ. ಕಂಪ್ಯೂಟರಿನಲ್ಲಿ ಕನ್ನಡ ಯುನಿಕೋಡ್ ಸಾಮಾನ್ಯವಾಗಿ ಯುಟಿಎಫ್-8 ರೂಪದಲ್ಲಿ ಇರುತ್ತದೆ. ಅದರಲ್ಲಿ ಒಂದೊಂದು ಕನ್ನಡ ಚಿಹ್ನೆಗೂ ಮೂರು ಬೈಟ್. ‘ಅಮ್ಮ’ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರಿಗೆ ನಾಲ್ಕು ಚಿಹ್ನೆ: ಅ, ಮ, ಹಲಂತ ( ್ ), ಮ. ನಾಲ್ಕು ಮೂರಲೆ ಹನ್ನೆರಡು ಬೈಟ್. ಒಂದು ಬೈಟ್ ಅಂದರೆ ಎಂಟು ಬಿಟ್, ಒಂದು ಬಿಟ್ ಅಂದರೆ ಒಂದು 0 ಅಥವಾ 1. ಹಾಗಾಗಿ ಒಟ್ಟು 96 ಬಿಟ್.

2012ರಲ್ಲಿ ಹಾರ್ವರ್ಡ್‌ನ ಜಾರ್ಜ್ ಚರ್ಚ್ ತಂಡ ಒಂದು ಇಡೀ ಪುಸ್ತಕವನ್ನು ಡಿಎನ್‌ಎಯಲ್ಲಿ ಬರೆಯಿತು. 54,898 ಎಳೆಗಳು. ಪ್ರತಿ ಎಳೆಯಲ್ಲಿ ಮಾಹಿತಿಗೆ ಸಿಕ್ಕ ಜಾಗ 96 ಬಿಟ್. ಅಂದರೆ ಅವರ ಒಂದು ಇಡೀ ಎಳೆ ನಮ್ಮ ಒಂದು ‘ಅಮ್ಮ’ನಿಗೇ ಖರ್ಚು! ಇಂಗ್ಲಿಷಿನಲ್ಲಾದರೆ ಅಷ್ಟರಲ್ಲಿ ಹನ್ನೆರಡು ಅಕ್ಷರ ಹಿಡಿಯುತ್ತಿತ್ತು.

ಖರ್ಚು ಒಂದೇ ತೊಂದರೆ ಅಲ್ಲ. ಅ ಅಂದರೆ 224, 178, 133. ಮ ಅಂದರೆ 224, 178, 174. ಹಲಂತ 224, 179, 141. ಮೊದಲ ಬೈಟ್ ಯಾವಾಗಲೂ 224, ಎರಡನೆಯದು 178 ಅಥವಾ 179. ಒಂದು ಬೇಸಿಗೆ ಎರಡು ಬಿಟ್ ಲೆಕ್ಕದಲ್ಲಿ ಹೀಗೇ ಬರೆದರೆ ಪ್ರತಿ ಹನ್ನೆರಡು ಬೇಸಿಗೆ ಒಮ್ಮೆ ಅದೇ ತುಣುಕು ಮರುಕಳಿಸುತ್ತದೆ. ಒಂದೇ ಥರದ ತುಣುಕುಗಳಿರುವ ಎಳೆಗಳು ಟ್ಯೂಬಿನಲ್ಲಿ ಒಂದಕ್ಕೊಂದು ತಪ್ಪಾಗಿ ಅಂಟಿಕೊಳ್ಳುತ್ತವೆ. ನಕಲು ಮಾಡುವಾಗ ಅರ್ಧ ಈ ಎಳೆ, ಅರ್ಧ ಆ ಎಳೆ ಸೇರಿದ ಬೆರಕೆ ಹುಟ್ಟುತ್ತದೆ.

ಪರಿಹಾರ ಸುಲಭ. ಯುನಿಕೋಡಿನಲ್ಲಿ ಕನ್ನಡಕ್ಕೆ ಒಟ್ಟು 128 ಸ್ಥಾನ ಇವೆ. ಆ ಸಾಲಿನಲ್ಲಿ ಎಷ್ಟನೆಯದು ಅಂತ ಮಾತ್ರ ಬರೆದರೆ ಸಾಕು. ಸೊನ್ನೆಯಿಂದ ಎಣಿಸಿದರೆ ಅ = 5, ಮ = 46, ಹಲಂತ = 77. ‘ಅಮ್ಮ’ ಈಗ 5, 46, 77, 46. ಖಾಲಿ ಜಾಗ, ಪೂರ್ಣವಿರಾಮ, ಅಂಕಿಗಳಿಗೆ 128ರಿಂದ ಮುಂದಿನ ಸಂಖ್ಯೆಗಳನ್ನು ನೀವೇ ಹಂಚಿ. 242 ದಾಟಬೇಡಿ. ಯಾಕೆ ಅಂತ ಮುಂದಿನ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 2: ಸಂಖ್ಯೆಯಿಂದ ಬೇಸ್

ಎಲ್ಲರಿಗೂ ಮೊದಲು ಹೊಳೆಯುವ ದಾರಿ ಇದು: 00 = ಎ, 01 = ಸಿ, 10 = ಜಿ, 11 = ಟಿ. ಒಂದು ಬೇಸಿಗೆ ಎರಡು ಬಿಟ್. ‘ಅಮ್ಮ’ ಹದಿನಾರು ಬೇಸಿನಲ್ಲಿ ಮುಗಿಯುತ್ತದೆ:

ಎ ಎ ಸಿ ಸಿ – ಎ ಜಿ ಟಿ ಜಿ – ಸಿ ಎ ಟಿ ಸಿ – ಎ ಜಿ ಟಿ ಜಿ

ನೋಡೋಕೆ ಚೆನ್ನಾಗಿದೆ. ಆದರೆ ಸೊನ್ನೆಗಳ ಸಾಲು ಬಂದರೆ ಎ ಎ ಎ ಎ ಎ ಎ ಅಂತ ಉದ್ದಕ್ಕೆ ಹೋಗುತ್ತದೆ. ಒಂದೇ ಬೇಸ್ ಸಾಲಾಗಿ ಬಂದರೆ ಓದುವ ಯಂತ್ರಕ್ಕೆ ಅದು ಐದೋ ಆರೋ ಅಂತ ಗೊಂದಲ. ಸಣ್ಣ ರಂಧ್ರದಲ್ಲಿ ಎಳೆ ತೂರಿಸಿ ಓದುವ ನ್ಯಾನೋಪೋರ್ ಯಂತ್ರಗಳಿಗಂತೂ ಇದು ಹಳೆಯ ತಲೆನೋವು.

2013ರಲ್ಲಿ ಇಂಗ್ಲೆಂಡಿನ ಯುರೋಪಿಯನ್ ಬಯೋಇನ್ಫರ್ಮ್ಯಾಟಿಕ್ಸ್ ಇನ್‌ಸ್ಟಿಟ್ಯೂಟ್‌ನ ನಿಕ್ ಗೋಲ್ಡ್‌ಮನ್ ತಂಡ ಇದಕ್ಕೆ ಒಂದು ಉಪಾಯ ಮಾಡಿತು. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದದ್ದು ಇದೇ. ಎರಡರ ಲೆಕ್ಕ ಬಿಟ್ಟು ಮೂರರ ಲೆಕ್ಕ ಹಿಡಿದರು. ಅಂಕಿಗಳು 0, 1, 2 ಮಾತ್ರ. ಈಗಷ್ಟೇ ಬರೆದ ಬೇಸನ್ನು ಬಿಟ್ಟು, ಉಳಿದ ಮೂರರಲ್ಲಿ ಒಂದನ್ನು ಆರಿಸುವುದು. ಒಂದೇ ಬೇಸ್ ಎರಡು ಸಲ ಜೊತೆಯಾಗಿ ಬರಲು ಸಾಧ್ಯವೇ ಇಲ್ಲ. ಅವರು ಅಕ್ಷರಗಳಿಗೆ ಬೇರೆ ಬೇರೆ ಉದ್ದದ ಸಂಕೇತ ಕೊಟ್ಟಿದ್ದರು. ನಾವು ಎಲ್ಲಕ್ಕೂ ಐದೇ ಅಂಕಿ ಇಡೋಣ. ಐದು ಅಂಕಿಯಲ್ಲಿ ಹಿಡಿಯುವ ದೊಡ್ಡ ಸಂಖ್ಯೆ 242. ಮೇಲೆ ಗಡಿ ಹಾಕಿದ್ದು ಅದಕ್ಕೇ.

ನಿಯಮ ಹೀಗಿದೆ:

ಹಿಂದಿನದು ಎ ಆದರೆ: 0 ಸಿ, 1 ಜಿ, 2 ಟಿ
ಹಿಂದಿನದು ಸಿ ಆದರೆ: 0 ಜಿ, 1 ಟಿ, 2 ಎ
ಹಿಂದಿನದು ಜಿ ಆದರೆ: 0 ಟಿ, 1 ಎ, 2 ಸಿ
ಹಿಂದಿನದು ಟಿ ಆದರೆ: 0 ಎ, 1 ಸಿ, 2 ಜಿ

ಈಗ ಪೆನ್ನು ಹಿಡಿಯಿರಿ. ಮೂರರ ಲೆಕ್ಕದಲ್ಲಿ 5 ಅಂದರೆ 00012. 46 ಅಂದರೆ 01201. 77 ಅಂದರೆ 02212. ಶುರುವಿಗೆ ಮೊದಲು ಒಂದು ಎ ಇದೆ ಅಂದುಕೊಳ್ಳಿ. ಎ ಆದಮೇಲೆ 0, ಬರೆಯಿರಿ ಸಿ. ಸಿ ಆದಮೇಲೆ 0, ಜಿ. ಜಿ ಆದಮೇಲೆ 0, ಟಿ. ಟಿ ಆದಮೇಲೆ 1, ಸಿ. ಸಿ ಆದಮೇಲೆ 2, ಎ. ‘ಅ’ ಮುಗಿಯಿತು. ಹೀಗೇ ಹೋದರೆ:

ಸಿ ಜಿ ಟಿ ಸಿ ಎ – ಸಿ ಟಿ ಜಿ ಟಿ ಸಿ – ಜಿ ಸಿ ಎ ಜಿ ಸಿ – ಜಿ ಎ ಟಿ ಎ ಜಿ

ಎರಡನೆಯ ಗುಂಪು ಮ. ನಾಲ್ಕನೆಯದೂ ಮ. ಆದರೆ ಎರಡೂ ಬೇರೆ ಬೇರೆ ಕಾಣುತ್ತವೆ, ಅಲ್ವಾ? ಹಿಂದೆ ಯಾರಿದ್ದಾರೆ ನೋಡಿಕೊಂಡು ರೂಪ ಬದಲಿಸುವ ಈ ಗುಣ ನಮಗೆ ಹೊಸದೇನಲ್ಲ. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆಗುವುದೂ ಹೀಗೇ.

ಇನ್ನೊಂದು ಲಾಭ ಇದೆ. ಓದುವಾಗ ಜಿ ಜಿ ಅಂತ ಜೊತೆಯಾಗಿ ಬಂದರೆ ಅಲ್ಲಿ ತಪ್ಪಾಗಿದೆ ಅಂತ ತಕ್ಷಣ ಗೊತ್ತಾಗುತ್ತದೆ. ನಷ್ಟವೂ ಇದೆ. ಹದಿನಾರರ ಬದಲು ಇಪ್ಪತ್ತು ಬೇಸ್ ಬೇಕಾಯಿತು. ನನ್ನ ಮಟ್ಟಿಗೆ ಇದು ಒಳ್ಳೆಯ ವ್ಯಾಪಾರ.

ಫೋಟೋ ಇಡುವವರಿಗೆ ಒಂದು ಎಚ್ಚರಿಕೆ. ಒಂದೇ ಬಣ್ಣದ ಜಾಗದಲ್ಲಿ 0 0 0 0 ಬಂದರೆ ಸಿ ಜಿ ಟಿ ಎ, ಸಿ ಜಿ ಟಿ ಎ ಅಂತ ಸುತ್ತುತ್ತಲೇ ಇರುತ್ತದೆ. ಅದನ್ನು ತಪ್ಪಿಸಲು ಮೊದಲೇ ಗೊತ್ತುಮಾಡಿದ ಅಡ್ಡಾದಿಡ್ಡಿ ಅಂಕಿಗಳ ಸಾಲನ್ನು ಮಾಹಿತಿಗೆ ಕೂಡಿಸಿ. ಓದುವಾಗ ಅದನ್ನೇ ಕಳೆಯಿರಿ.

ಹಂತ 3: ಕತ್ತರಿಸಿ, ವಿಳಾಸ ಬರೆಯಿರಿ

ಪತ್ರದಲ್ಲಿ 1,000 ಚಿಹ್ನೆ ಇದೆ ಅಂದುಕೊಳ್ಳಿ. 5,000 ಬೇಸ್ ಆಯಿತು. ಅಷ್ಟುದ್ದದ ಒಂದೇ ಎಳೆಯನ್ನು ನೇರವಾಗಿ ತಯಾರಿಸಲು ಆಗುವುದಿಲ್ಲ. ರಾಸಾಯನಿಕ ವಿಧಾನದಲ್ಲಿ ಒಂದೊಂದೇ ಬೇಸ್ ಸೇರಿಸುತ್ತಾ ಹೋಗುತ್ತಾರೆ. ಪ್ರತಿ ಸೇರ್ಪಡೆ 99.5% ಯಶಸ್ವಿ ಅಂತ ಇಟ್ಟುಕೊಂಡರೂ 150 ಬೇಸ್ ಮುಗಿಯುವಾಗ ಪೂರ್ತಿ ಸರಿಯಾಗಿ ಬೆಳೆದ ಎಳೆ ಸುಮಾರು 47%. 300ಕ್ಕೆ ಹೋದರೆ 22%. ಹಾಗಾಗಿ ಸಣ್ಣ ತುಂಡುಗಳೇ ಗತಿ.

(ಹರ್ ಗೋಬಿಂದ್ ಖೊರಾನಾ ಅವರ ತಂಡ ಒಂದು ಇಡೀ ಜೀನ್ ಅನ್ನು ರಾಸಾಯನಿಕವಾಗಿ ಕಟ್ಟಿದ್ದು 1970ರ ಹೊತ್ತಿಗೆ. 77 ಜೋಡಿ ಬೇಸ್. ಅದಕ್ಕೆ ವರ್ಷಗಳೇ ಹಿಡಿದಿದ್ದವು. ಈಗ 150 ಬೇಸ್ ಅಂದರೆ ಮಾಮೂಲಿ ಆರ್ಡರು.)

ಒಂದು ಎಳೆಯ ಲೆಕ್ಕ ಹೀಗೆ ಇಡಿ: ಮುಂದೆ 20 ಬೇಸಿನ ಪ್ರೈಮರ್, ಆಮೇಲೆ 5 ಬೇಸ್ ವಿಳಾಸ, 100 ಬೇಸ್ ಬರಹ, 5 ಬೇಸ್ ಪರೀಕ್ಷೆ, ಕೊನೆಗೆ ಮತ್ತೆ 20 ಬೇಸ್ ಪ್ರೈಮರ್. ಒಟ್ಟು 150. ಒಂದು ಎಳೆಗೆ 20 ಚಿಹ್ನೆ, ಇಡೀ ಪತ್ರಕ್ಕೆ 50 ಎಳೆ.

ವಿಳಾಸ ಯಾಕೆ? ಟ್ಯೂಬಿನಲ್ಲಿ ಎಳೆಗಳು ಸಾಲಾಗಿ ನಿಲ್ಲುವುದಿಲ್ಲ. ಎಲ್ಲಾ ಕಲಸಿಕೊಂಡು ಈಜುತ್ತಿರುತ್ತವೆ. ಗರಿಗಳ ದಾರ ಕಿತ್ತುಹೋದ ತಾಳೆಗರಿ ಕಟ್ಟು ನೆನಪಿಸಿಕೊಳ್ಳಿ. ಗರಿಯ ಮೇಲೆ ಸಂಖ್ಯೆ ಇಲ್ಲದಿದ್ದರೆ ಜೋಡಿಸುವುದು ಹೇಗೆ?

ಪರೀಕ್ಷೆಯ ಐದು ಬೇಸಿಗೆ ಸರಳ ದಾರಿ: ವಿಳಾಸ ಮತ್ತು 20 ಚಿಹ್ನೆಗಳ ಸಂಖ್ಯೆಯನ್ನೆಲ್ಲ ಕೂಡಿ, 243ರಿಂದ ಭಾಗಿಸಿ, ಶೇಷ ಬರೆಯಿರಿ. ಆಧಾರ್ ನಂಬರಿನ ಕೊನೆಯ ಅಂಕಿಯೂ ಇಂಥದ್ದೇ ಕಾವಲುಗಾರ, ಅಲ್ಲಿನ ಲೆಕ್ಕ ಮಾತ್ರ ಬೇರೆ.

ಪ್ರೈಮರ್ ಅಂದರೆ ಎಳೆಯ ಎರಡು ತುದಿಯ ಹಿಡಿಕೆ. ನಕಲು ಮಾಡುವ ಕಿಣ್ವ ಅಲ್ಲಿಂದಲೇ ಕೆಲಸ ಶುರು ಮಾಡುತ್ತದೆ. ಬೇರೆ ಬೇರೆ ಫೈಲಿಗೆ ಬೇರೆ ಬೇರೆ ಪ್ರೈಮರ್ ಇಟ್ಟರೆ ಬೇಕಾದ ಫೈಲನ್ನು ಮಾತ್ರ ಎತ್ತಿಕೊಳ್ಳಬಹುದು. 2018ರಲ್ಲಿ ಮೈಕ್ರೋಸಾಫ್ಟ್ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯದವರು 35 ಫೈಲುಗಳನ್ನು, 200 ಮೆಗಾಬೈಟಿಗೂ ಜಾಸ್ತಿ ಮಾಹಿತಿಯನ್ನು, ಹೀಗೆ ಬೇರೆ ಬೇರೆಯಾಗಿ ಎತ್ತಿ ತೋರಿಸಿದರು. ಪ್ರೈಮರಿನಲ್ಲಿ ಜಿ ಮತ್ತು ಸಿ ಸೇರಿ ಸುಮಾರು ಅರ್ಧ ಇರಲಿ. ಅದೇ ಸಾಲು ನಿಮ್ಮ ಬರಹದ ಒಳಗೆ ಎಲ್ಲೂ ಬರದಿರಲಿ.

ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲೇ. ನಕಲು ಮಾಡಲು ಬೇಕಾದ ಬಿಡಿ ಪ್ರೈಮರುಗಳಲ್ಲಿ ಹಿಂದಿನ ತುದಿಯದ್ದನ್ನು ಎಳೆಯಲ್ಲಿ ಕಾಣುವ ಹಾಗೇ ಆರ್ಡರ್ ಮಾಡಿದರೆ ಕೆಲಸ ಆಗುವುದಿಲ್ಲ. ಅದನ್ನು ಹಿಂದುಮುಂದಾಗಿಸಿ, ಎಗೆ ಟಿ, ಸಿಗೆ ಜಿ ಅಂತ ಜೋಡಿ ಬದಲಿಸಿ ತರಿಸಬೇಕು.

ಹಂತ 4: ಕಳೆದುಹೋಗುತ್ತದೆ ಅಂತಲೇ ಬರೆಯಿರಿ

ಡಿಎನ್‌ಎ ಶೇಖರಣೆ ಅಂದ ಕೂಡಲೇ ಒಂದು ಗ್ರಾಮಿನಲ್ಲಿ ಎಷ್ಟು ಹಿಡಿಯುತ್ತದೆ ಅಂತ ಜನ ಬೆರಗಾಗುತ್ತಾರೆ. 2017ರಲ್ಲಿ ಸಂಶೋಧಕರಾದ ಯಾನಿವ್ ಎರ್ಲಿಚ್ ಮತ್ತು ಡಿನಾ ಜಿಲಿನ್ಸ್ಕಿ ಕೊಟ್ಟ ಲೆಕ್ಕ ಗ್ರಾಮಿಗೆ 215 ಪೆಟಾಬೈಟ್ (ಒಂದು ಪೆಟಾಬೈಟ್ ಅಂದರೆ ಹತ್ತು ಲಕ್ಷ ಗಿಗಾಬೈಟ್). ಸರಿ, ದೊಡ್ಡದೇ. ಆದರೆ ನಿಜವಾದ ಜಾಣತನ ಇರುವುದು ಎಷ್ಟು ತುಂಬಿಸುತ್ತೀರಿ ಅನ್ನುವುದರಲ್ಲಲ್ಲ, ಎಷ್ಟು ಕಳೆದುಕೊಂಡರೂ ತಡೆಯುತ್ತೀರಿ ಅನ್ನುವುದರಲ್ಲಿ.

ತಪ್ಪುಗಳು ಮೂರು ಬಗೆ. ಒಂದು ಬೇಸಿನ ಜಾಗದಲ್ಲಿ ಇನ್ನೊಂದು ಬರುವುದು. ಒಂದು ಬೇಸ್ ಬಿಟ್ಟುಹೋಗುವುದು ಅಥವಾ ಸೇರಿಕೊಳ್ಳುವುದು. ಎಳೆಯೇ ಕಾಣೆಯಾಗುವುದು. ಎರಡನೆಯದು ಮಹಾ ಕಿರಿಕಿರಿ. ಒಂದು ಬೇಸ್ ಬಿಟ್ಟರೆ ಅಲ್ಲಿಂದ ಮುಂದಿನ ಎಲ್ಲಾ ಗುಂಪುಗಳೂ ಒಂದೊಂದು ಜಾಗ ಸರಿಯುತ್ತವೆ. ಅಂಗಿಯ ಮೊದಲ ಗುಂಡಿ ತಪ್ಪಿದರೆ ಎಲ್ಲವೂ ತಪ್ಪಿದ ಹಾಗೆ. ಅದಕ್ಕೇ ಉದ್ದ ಸರಿ ಇಲ್ಲದ ಎಳೆಯನ್ನು ರಿಪೇರಿ ಮಾಡಲು ಹೋಗುವುದಕ್ಕಿಂತ ಎಸೆಯುವುದು ವಾಸಿ. ಹೇಗೂ ಪ್ರತಿಗಳು ಕೋಟಿಗಟ್ಟಲೆ ಇರುತ್ತವೆ.

ಕಾಣೆಯಾದ ಎಳೆಗೆ ಮದ್ದು ರೀಡ್-ಸಾಲಮನ್ ಸಂಕೇತ. ಗೀರು ಬಿದ್ದ ಸಿಡಿ ಹಾಡುತ್ತಿದ್ದದ್ದು, ಮೂಲೆ ಹರಿದ ಕ್ಯೂಆರ್ ಕೋಡ್ ಸ್ಕ್ಯಾನ್ ಆಗುವುದು ಇದರಿಂದಲೇ. 50 ಎಳೆಗಳ ಮಾಹಿತಿಯಿಂದ ಲೆಕ್ಕ ಹಾಕಿ 15 ಹೆಚ್ಚುವರಿ ಎಳೆ ಮಾಡಿ. ಈಗ ಒಟ್ಟು 65. ಇದರಲ್ಲಿ ಯಾವುದೇ 15 ಕಾಣೆಯಾದರೂ ಪತ್ರ ಪೂರ್ತಿ ವಾಪಸ್ ಬರುತ್ತದೆ. ಯಾವ ಹದಿನೈದು ಅನ್ನುವುದು ಮುಖ್ಯವೇ ಅಲ್ಲ. ಸಾಮಾನ್ಯ ರೀಡ್-ಸಾಲಮನ್ ಲೈಬ್ರರಿಗಳು (ಯಾರೋ ಬರೆದಿಟ್ಟ ಸಿದ್ಧ ಪ್ರೋಗ್ರಾಂಗಳು) 256ರ ಲೆಕ್ಕದಲ್ಲಿ ಓಡುತ್ತವೆ, ನಮ್ಮದು 243. ಮೂರನ್ನು ಐದು ಸಲ ಗುಣಿಸಿದರೆ 243 ಬರುವುದರಿಂದ ಗಣಿತ ಸರಿಹೊಂದುತ್ತದೆ. ಗ್ಯಾಲ್ವಾ ಫೀಲ್ಡ್ ಅನ್ನುವ ಪದ ಹಿಡಿದು ಹುಡುಕಿ, ಆ ಗಾತ್ರ ಕೊಡಲು ಬಿಡುವ ಲೈಬ್ರರಿ ಆರಿಸಿ.

ಆರ್ಡರ್ ಮಾಡುವ ಮೊದಲು ಕಂಪ್ಯೂಟರಿನಲ್ಲೇ ನಿಮ್ಮ ಎಳೆಗಳನ್ನು ಹಾಳು ಮಾಡಿ ನೋಡಿ. ಪ್ರತಿ ಎಳೆಯ ನೂರು ಪ್ರತಿ ಮಾಡಿ, ಅಲ್ಲಲ್ಲಿ ಬೇಸ್ ಕಿತ್ತುಹಾಕಿ, ಹತ್ತು ಎಳೆಗಳನ್ನು ಪೂರ್ತಿ ಅಳಿಸಿ, ಉಳಿದದ್ದನ್ನು ಕಲಸಿ. ಈಗ ಪತ್ರ ವಾಪಸ್ ಬರುತ್ತದಾ? ನೂರು ಸಲ ಹೀಗೆ ಮಾಡಿ, ನೂರು ಸಲವೂ ಬಂದರೆ ಮಾತ್ರ ಮುಂದೆ ಹೋಗಿ. ಈ ಹಂತಕ್ಕೆ ಒಂದು ಪೈಸೆ ಖರ್ಚಿಲ್ಲ. ಆದರೂ ಜನ ಇದನ್ನೇ ಬಿಡುತ್ತಾರೆ.

ಹಂತ 5: ತಯಾರಿಕೆಗೆ ಕೊಡುವುದು

ಎಳೆಗಳ ಪಟ್ಟಿಯನ್ನು ಒಂದು ಫೈಲಿನಲ್ಲಿ ಕಳಿಸಿದರೆ ಕಂಪನಿಗಳು ಎಲ್ಲಾ ಎಳೆಗಳನ್ನು ಒಂದೇ ಟ್ಯೂಬಿನಲ್ಲಿ ತಯಾರಿಸಿ ಕೊಡುತ್ತವೆ. ಇದಕ್ಕೆ ಆಲಿಗೋ ಪೂಲ್ ಅಂತ ಹೆಸರು. ಕೇಳಿದ ಎಳೆಗಳು ಅಪಾಯಕಾರಿ ರೋಗಾಣುವಿನದ್ದಾ ಅಂತ ಕಂಪನಿಗಳು ಪರೀಕ್ಷಿಸುತ್ತವೆ. ಸಾಮಾನ್ಯವಾಗಿ ಸಂಸ್ಥೆಗಳಿಗೆ ಮಾತ್ರ ಮಾರುತ್ತವೆ, ಮನೆ ವಿಳಾಸಕ್ಕೆ ಕಳಿಸುವುದಿಲ್ಲ. ಕಾಲೇಜಿನ ಬಯೋಟೆಕ್ ವಿಭಾಗದ ಸ್ನೇಹ ಇಲ್ಲಿ ಕೆಲಸಕ್ಕೆ ಬರುತ್ತದೆ.

ದುಡ್ಡಿನ ಅಂದಾಜಿಗೆ ಹೇಳುವುದಾದರೆ, ಎರ್ಲಿಚ್ ಮತ್ತು ಜಿಲಿನ್ಸ್ಕಿ ಅವರ 2017ರ ಪ್ರಯೋಗದಲ್ಲಿ ಸುಮಾರು 2 ಮೆಗಾಬೈಟ್ ಬರೆಯಲು 7,000 ಡಾಲರ್, ಓದಲು 2,000 ಡಾಲರ್ ಆಗಿತ್ತು. ವೇಗವೂ ಅಷ್ಟಕ್ಕಷ್ಟೇ. 2019ರಲ್ಲಿ ಮೈಕ್ರೋಸಾಫ್ಟ್ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೂರ್ತಿ ಸ್ವಯಂಚಾಲಿತ ಯಂತ್ರ ಐದಕ್ಷರದ ‘ಹೆಲೋ’ ಬರೆದು ಓದಲು 21 ಗಂಟೆ ತೆಗೆದುಕೊಂಡಿತು.

ಹಂತ 6: ಟ್ಯೂಬು ಬಂತು. ತಕ್ಷಣ ಮುಚ್ಚಳ ತೆಗೆಯಬೇಡಿ

ಒಳಗೆ ಏನೂ ಕಾಣುವುದಿಲ್ಲ. ಖಾಲಿ ಟ್ಯೂಬ್ ಕಳಿಸಿದ್ದಾರೆ ಅನಿಸುತ್ತದೆ. ಒಣಗಿದ ಡಿಎನ್‌ಎ ದಾರಿಯಲ್ಲಿ ಅಲುಗಾಡಿ ಮುಚ್ಚಳಕ್ಕೆ ಹತ್ತಿರಬಹುದು. ತೆಗೆದ ಕೂಡಲೇ ಹಾರಿಹೋಗುತ್ತದೆ. ಮೊದಲು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ತಳಕ್ಕೆ ಇಳಿಸಿ. ಆಮೇಲೆ ಟಿಇ ಬಫರ್ ಅನ್ನುವ ದ್ರಾವಣ ಹಾಕಿ ಕರಗಿಸಿ. ಅದರಲ್ಲಿರುವ ಇಡಿಟಿಎ ಅನ್ನುವ ರಾಸಾಯನಿಕ ಮೆಗ್ನೀಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಡಿಎನ್‌ಎ ಕತ್ತರಿಸುವ ಕಿಣ್ವಗಳಿಗೆ ಮೆಗ್ನೀಸಿಯಂ ಬೇಕು, ಸಿಗದಿದ್ದರೆ ಅವು ಸುಮ್ನೆ ಕೂರುತ್ತವೆ. ಆದರೆ ನಕಲು ಮಾಡುವ ಕಿಣ್ವಕ್ಕೂ ಅದೇ ಬೇಕು. ಅದಕ್ಕೆ ಇಡಿಟಿಎ ಕಡಿಮೆ ಇರುವ ಬಫರ್ ಆರಿಸಿ. ಕೈಗವಸು ಹಾಕಿಕೊಳ್ಳಿ. ನಮ್ಮ ಬೆರಳ ಮೇಲೂ ಅಂಥ ಕಿಣ್ವಗಳಿವೆ.

ಇದರಲ್ಲಿ ಒಂದು ನ್ಯಾನೋಗ್ರಾಂ, ಅಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು ತೆಗೆದುಕೊಂಡರೂ 65 ಎಳೆಗಳಲ್ಲಿ ಪ್ರತಿಯೊಂದರ ಸುಮಾರು 18 ಕೋಟಿ ಪ್ರತಿ ಇರುತ್ತದೆ. ಹಾಗಾಗಿ ಎಲ್ಲವನ್ನೂ ಒಂದೇ ಟ್ಯೂಬಿನಲ್ಲಿ ಇಡುವುದು ಮೂರ್ಖತನ. ಹತ್ತಾಗಿ ಹಂಚಿ. ಒಂದು ಲ್ಯಾಬಿನಲ್ಲಿ, ಒಂದು ಮನೆಯಲ್ಲಿ, ಒಂದು ಅಮೆರಿಕದಲ್ಲಿರುವ ಅಣ್ಣನ ಹತ್ತಿರ.

ದೀರ್ಘಕಾಲಕ್ಕೆ ಒಣಗಿಸಿಯೇ ಇಡಿ. ನೀರು ಡಿಎನ್‌ಎಯ ಮೊದಲ ಶತ್ರು. ಆಮೇಲೆ ಶಾಖ, ಬಿಸಿಲು, ಆಮ್ಲಜನಕ. ಮಂಗಳೂರು ಕಡೆಯವರಿಗೆ ಹೇಳಬೇಕಾಗಿಲ್ಲ, ಮಳೆಗಾಲದ ಆಟಿ ತಿಂಗಳಲ್ಲಿ ಬೀರುವಿನ ಚಪ್ಪಲಿಗೂ ಬೂಷ್ಟು ಬರುತ್ತದೆ. ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬದಲ್ಲಿ ಹಾಕಿ, ಫ್ರೀಜರಿನಲ್ಲಿಡಿ. ಇನ್ನೂ ಗಟ್ಟಿ ದಾರಿ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಗ್ರಾಸ್ ತಂಡ ತೋರಿಸಿದ್ದು. 2015ರಲ್ಲಿ ಅವರು 83 ಕಿಲೋಬೈಟ್ ಮಾಹಿತಿಯ ಡಿಎನ್‌ಎಯನ್ನು ಗಾಜಿನಂಥ ಸಿಲಿಕಾ ಕಣಗಳೊಳಗೆ ಮುಚ್ಚಿ, 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವಾರ ಇಟ್ಟು, ತಪ್ಪಿಲ್ಲದೆ ವಾಪಸ್ ಓದಿದರು. ಮಧ್ಯ ಯುರೋಪಿನ ಹವೆಯಲ್ಲಿ 2,000 ವರ್ಷ ಇಟ್ಟದ್ದಕ್ಕೆ ಅದು ಸಮ ಅಂತ ಅವರ ಲೆಕ್ಕ. ನಮ್ಮ ರಾಯಚೂರಿನ ಬಿಸಿಲಿಗೆ ಆ ಲೆಕ್ಕ ಹೊಂದುವುದಿಲ್ಲ ಬಿಡಿ.

ಹಂತ 7: ಓದುವುದು

ಮೊದಲು ಪಿಸಿಆರ್ ಮಾಡಿ ಪ್ರತಿ ಹೆಚ್ಚಿಸಿಕೊಳ್ಳಬೇಕು. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡ ಎಲ್ಲರಿಗೂ ಹೆಸರು ಗೊತ್ತು. ಒಂದು ಸುತ್ತಿಗೆ ಪ್ರತಿ ಎರಡರಷ್ಟಾಗುತ್ತದೆ. ಹತ್ತು ಸುತ್ತಿಗೆ ಸಾವಿರ ಪಟ್ಟು. ಆಸೆಗೆ ಬಿದ್ದು ಸುತ್ತು ಜಾಸ್ತಿ ಮಾಡಬೇಡಿ. ಕೆಲವು ಎಳೆಗಳು ಬೇಗ ನಕಲಾಗುತ್ತವೆ, ಕೆಲವು ಹಿಂದುಳಿಯುತ್ತವೆ. ಸುತ್ತು ಹೆಚ್ಚಿದಷ್ಟೂ ಬಡವ ಬಲ್ಲಿದರ ಅಂತರ ಬೆಳೆಯುತ್ತದೆ. ಮುಖ್ಯವಾಗಿ, ಮೂಲ ಟ್ಯೂಬಿನಿಂದ ಒಂದು ಹನಿ ಮಾತ್ರ ತೆಗೆಯಿರಿ.

ಆಮೇಲೆ ಸೀಕ್ವೆನ್ಸಿಂಗ್, ಅಂದರೆ ಬೇಸುಗಳ ಸಾಲನ್ನು ಯಂತ್ರದಲ್ಲಿ ಓದಿಸುವುದು. ಬೆಂಗಳೂರಿನಲ್ಲಿ ಸಿ-ಕ್ಯಾಂಪ್‌ನಂಥ ಸಂಸ್ಥೆಗಳಲ್ಲಿ ಈ ಸೌಲಭ್ಯ ಇದೆ. ಇಲ್ಯುಮಿನಾ ಕಂಪನಿಯ ಯಂತ್ರಕ್ಕೆ ಕೊಡುವಾಗ ಒಂದು ಮಾತು ಮೊದಲೇ ಹೇಳಿಬಿಡಿ: ಎಲ್ಲಾ ಎಳೆಗಳೂ ಒಂದೇ ಪ್ರೈಮರಿನಿಂದ ಶುರುವಾಗುತ್ತವೆ ಅಂತ. ಶುರುವಿನ ಬೇಸುಗಳು ಎಲ್ಲ ಕಡೆ ಒಂದೇ ಆದರೆ ಆ ಯಂತ್ರಕ್ಕೆ ಒಂದು ಎಳೆಯಿಂದ ಇನ್ನೊಂದನ್ನು ಬಿಡಿಸಿ ನೋಡುವುದು ಕಷ್ಟ. ಲ್ಯಾಬಿನವರು ಫೈ-ಎಕ್ಸ್ ಅನ್ನುವ ವೈರಸ್ಸಿನ ಡಿಎನ್‌ಎ ಬೆರೆಸಿ ಅದನ್ನು ಸರಿಮಾಡುತ್ತಾರೆ.

ಎಷ್ಟು ಸಲ ಓದಿಸಬೇಕು? ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಕಾರ್ಡು ನೆನಪಿದೆಯಾ? ಮೊದಮೊದಲು ದಿನಾ ಹೊಸ ಕಾರ್ಡು. ಕೊನೆಯ ಎರಡು ಕಾರ್ಡಿಗೆ ತಿಂಗಳುಗಟ್ಟಲೆ ಜಗಿಯಬೇಕು. ಇಲ್ಲೂ ಹಾಗೇ. 65 ಎಳೆಗಳು ಸಮನಾಗಿದ್ದರೂ ಎಲ್ಲವನ್ನೂ ಒಂದೊಂದು ಸಲ ಕಾಣಲು ಸರಾಸರಿ 310 ಸಲ ಓದಬೇಕು. ನಿಜದಲ್ಲಿ ಸಮ ಇರುವುದಿಲ್ಲ. ಬಹುಮತ ಎಣಿಸಲೂ ಪ್ರತಿಗಳು ಬೇಕು. 6,500 ಸಲ ಓದಿಸಿದರೆ ಎಳೆಗೆ ಸರಾಸರಿ ನೂರು. ಯಂತ್ರಗಳಿಗೆ ಇದು ಏನೇನೂ ಅಲ್ಲ.

ಹಂತ 8: ಬಿಡಿಸುವುದು

ಬಂದ ಫೈಲಿನಲ್ಲಿ ಸುಮಾರು ಅರ್ಧ ಎಳೆಗಳು ತಲೆಕೆಳಗಾಗಿರುತ್ತವೆ. ಹೆದರಬೇಡಿ. ಮುಂದಿನ ಪ್ರೈಮರ್ ಮೊದಲು ಕಂಡರೆ ನೇರ. ಹಿಂದಿನ ಪ್ರೈಮರಿನ ಜೋಡಿ ಮೊದಲು ಕಂಡರೆ ತಿರುಗಿಸಿ, ಜೋಡಿ ಬದಲಿಸಿ. ಪ್ರೈಮರುಗಳನ್ನು ಕತ್ತರಿಸಿ. ನಡುವೆ ಸರಿಯಾಗಿ 110 ಬೇಸ್ ಇಲ್ಲದ್ದನ್ನು ಎಸೆಯಿರಿ. ಜೊತೆ ಬೇಸ್ ಬಂದದ್ದನ್ನೂ ಎಸೆಯಿರಿ. ಉಳಿದದ್ದನ್ನು ವಿಳಾಸದ ಪ್ರಕಾರ ಗುಂಪು ಮಾಡಿ, ಪ್ರತಿ ಜಾಗದಲ್ಲೂ ಯಾವ ಬೇಸಿಗೆ ಹೆಚ್ಚು ಓಟು ಬಿತ್ತು ನೋಡಿ. ಪರೀಕ್ಷಾ ಸಂಖ್ಯೆ ಹೊಂದದ ಎಳೆಯನ್ನು ಕಾಣೆಯಾದ ಎಳೆ ಅಂತಲೇ ಲೆಕ್ಕಕ್ಕೆ ಹಿಡಿಯಿರಿ. ರೀಡ್-ಸಾಲಮನ್ ಉಳಿದದ್ದನ್ನು ತುಂಬುತ್ತದೆ. ಕೊನೆಗೆ ಹಂತ 2 ಮತ್ತು 1 ಹಿಂದುಮುಂದಾಗಿ. ಪರದೆಯ ಮೇಲೆ ‘ಅಮ್ಮ’ ಬರುತ್ತದೆ.

ಹಂತ 9: ಚೀಟಿ

ಟ್ಯೂಬಿನ ಜೊತೆ ಒಂದು ಕಾಗದ ಇಡಿ. ಎರಡು ಪ್ರೈಮರು, ಮೂರರ ಲೆಕ್ಕದ ನಿಯಮ, 242ರವರೆಗಿನ ಅಕ್ಷರಪಟ್ಟಿ, ಎಳೆಯ ವಿಭಾಗ, ಎಷ್ಟು ಹೆಚ್ಚುವರಿ ಎಳೆ, ರೀಡ್-ಸಾಲಮನ್‌ಗೆ ಬಳಸಿದ ಲೆಕ್ಕದ ವಿವರ. ಯುನಿಕೋಡ್ ಅಂದರೆ ಏನು ಅಂತ ಓದುವವರಿಗೆ ಗೊತ್ತಿರುತ್ತದೆ ಅಂದುಕೊಳ್ಳಬೇಡಿ, ಪಟ್ಟಿಯನ್ನು ಪೂರ್ತಿ ಬರೆಯಿರಿ. ಈ ಚೀಟಿ ಇಲ್ಲದಿದ್ದರೆ ನಿಮ್ಮ ಮೊಮ್ಮಕ್ಕಳಿಗೆ ಸಿಗುವುದು ಬರೀ ಎ ಸಿ ಜಿ ಟಿ. ಟ್ಯೂಬಿನ ಮೇಲಿನ ಹೆಸರನ್ನೂ ಚೀಟಿಯನ್ನೂ ಪೆನ್ಸಿಲ್ಲಿನಲ್ಲೇ ಬರೆಯಿರಿ. ಲ್ಯಾಬಿನಲ್ಲಿ ಎಲ್ಲವನ್ನೂ ಸ್ಪಿರಿಟ್ಟಿನಿಂದ ಒರೆಸುತ್ತಾರೆ, ಮಾರ್ಕರ್ ಪೆನ್ನಿನ ಶಾಯಿ ಅದಕ್ಕೆ ಎದ್ದುಹೋಗುತ್ತದೆ.